ಪರಾತಕ್ಕೆ ಸುರಿದ ಒಂದು ಸೇರು ಹಿಟ್ಟು

ಗೋದಲಿ ಇರಬೇಕಾದ ಜಾಗದಲ್ಲಿ ಹಿಟ್ಟು ಇತ್ತು. ಹೋದ ವರ್ಷ, ಕ್ರಿಸ್ಮಸ್ಸಿಗೆ ಮುಂಚಿನ ಕೊನೆಯ ಭಾನುವಾರ. ಕುರಿಯಿಲ್ಲ, ದನವಿಲ್ಲ, ಮಾತೆ ಮರಿಯಮ್ಮನಿಲ್ಲ, ಹುಲ್ಲು ಕೂಡ ಇಲ್ಲ. ನೆಲದ ಮೇಲೆ ಅಗಲವಾದ ಒಂದು ಹಿತ್ತಾಳೆ ತಟ್ಟೆ, ಅದರಲ್ಲಿ ಜೋಳದ ಹಿಟ್ಟು. ಹಿಟ್ಟು ನಾದುವ ಆ ತಟ್ಟೆಗೆ ಇಲ್ಲಿಯವರು ಪರಾತ ಅನ್ನುತ್ತಾರೆ. ನಾನು ಬಾಗಿಲಲ್ಲೇ ನಿಂತೆ. ದೇವಾಲಯ ಅಂದುಕೊಂಡು ಯಾರದೋ ಅಡುಗೆಮನೆಗೆ ಬಂದೆನೇನೋ ಅನ್ನಿಸಿತು.

ನಾನು ಯಾರೆಂದು ನಮ್ಮ ದೇವಾಲಯದ ಈ ಪತ್ರಿಕೆ ಓದುವ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕೊಳ್ಳೇಗಾಲದ ಕಡೆಯವನು, ಹೆಸರು ಚಿನ್ನಪ್ಪ. ಐದನೇ ಕ್ಲಾಸು ದಾಟಲಿಲ್ಲ. ಲಾರಿ ಕ್ಲೀನರ್ ಆಗಿ ಹೊರಟವನು ಹುಮನಾಬಾದಿನಲ್ಲಿ ಇಳಿದುಬಿಟ್ಟೆ. ಬಸವಕಲ್ಯಾಣದ ಕಡೆ ಹೋಗುವ ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿ ಕೆಲಸ. ಅಂಗಡಿಯ ಹಿಂದೆ ತಗಡಿನ ಒಂದು ಕೋಣೆ. ಅದೇ ಮನೆ. ಬೇಸಿಗೆಯಲ್ಲಿ ಒಳಗೆ ಕಾಲಿಡಲಾಗದು, ಡಿಸೆಂಬರಿನಲ್ಲಿ ತಗಡು ಮಂಜುಗಡ್ಡೆ.

ಇಲ್ಲಿ ಮಾತಾಡುವುದೂ ಕನ್ನಡವೇ. ಆದರೂ ಮೊದಲ ಆರು ತಿಂಗಳು ನಾನು ಮೂಗನಂತೆ ಇದ್ದೆ. ಅರ್ಧ ಮಾತು ಉರ್ದು, ನಡುವೆ ಮರಾಠಿ. ನಾನು ಬಾಯಿ ತೆಗೆದರೆ ನಗುತ್ತಿದ್ದರು. ಊಟವೂ ಹಾಗೆ. ನಮ್ಮಲ್ಲಿ ಮುದ್ದೆ ನುಂಗುತ್ತೇವೆ, ಇಲ್ಲಿ ರೊಟ್ಟಿ ಅಗಿಯುತ್ತಾರೆ. ಮೊದಲ ವಾರ ದವಡೆ ನೋಯುತ್ತಿತ್ತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂರಿಸಿ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಅಂಬಲಿ ಹಾಕಿದರು. ಗುರುತಿಲ್ಲದವರು ಕೈಹಿಡಿದು ಎಳೆದು ಉಣಿಸಿದರು. ಅವತ್ತು ರೊಟ್ಟಿ ಗಂಟಲಿನಲ್ಲಿ ಇಳಿಯಿತು.

ಒಂಟಿತನ ಮಾತ್ರ ಇಳಿಯಲಿಲ್ಲ. ಅದರಲ್ಲೂ ಡಿಸೆಂಬರು. ನಕ್ಷತ್ರ ಕಟ್ಟುವ ದಿನ ಬಂದರೆ ನಾನು ತಗಡಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕಾರಣ ಮುಂದೆ ಹೇಳುತ್ತೇನೆ.

ಹುಮನಾಬಾದಿನ ಹತ್ತಿರ ಹುಡಗಿ ಅಂತ ಊರು. ಅಲ್ಲಿ ಕೂಲಿ ಮಾಡುವ ಹತ್ತು ಹನ್ನೆರಡು ಮನೆ ನಮ್ಮ ಕ್ರೈಸ್ತರು. ನನ್ನ ಹಾಗೆ ಕ್ಯಾಥೊಲಿಕ್ ಅಲ್ಲ, ಆ ಕಡೆಯ ಸಭೆಯವರು. ಅಲ್ಲಿಯ ಹಿರಿಯ ಯಾಕೋಬ ಮುತ್ಯಾ ಸೈಕಲ್ ಟ್ಯೂಬು ಹಿಡಿದು ನಮ್ಮ ಅಂಗಡಿಗೆ ಬರುತ್ತಿದ್ದರು. ಮುತ್ಯಾ ಅಂದರೆ ಅಜ್ಜ. ಹೋದ ವರ್ಷ ನನ್ನ ಕೊರಳಿನ ಶಿಲುಬೆ ನೋಡಿ, "ಐತಾರ ನಮ್ಮ ಗುಡಿಗಿ ಬಾ. ಬರಾಗ ಹಿಟ್ಟ ತಾ" ಅಂದಿದ್ದರು. ಐತಾರ ಅಂದರೆ ಭಾನುವಾರ. ನಾನು ಕಾಣಿಕೆ ಅಂದುಕೊಂಡೆ. ಒಂದು ಸೇರು ಕೊಂಡು ಹೋದೆ.

ಒಳಗೆ ಹೋಗಿ ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿದೆ. ಅಲ್ಲಿ ಯಾರೂ ಹಾಕುವುದಿಲ್ಲ. ಹೆಂಗಸರ ಸಾಲಿನಿಂದ ಒಬ್ಬಳು, "ಅಯ್ಯ, ಈ ಥಂಡ್ಯಾಗೂ ನೊಣ ಹೊಡ್ಕೊಳಾಕತ್ಯಾನಲ್ಲ" ಅಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹೋಗಿ ಸೇರು ಹಿಟ್ಟನ್ನೆಲ್ಲ ಪರಾತಕ್ಕೆ ಸುರಿದೆ.

ನಗು ನಿಂತಿತು.

ಪರಾತದ ಪಕ್ಕ ಕೂತಿದ್ದವಳು ಮಾರ್ಥಾ ಆಯಿ, ಅಂದರೆ ಅಜ್ಜಿ. ತೊಗರಿ ಕೊಯ್ಯುವ ಕೂಲಿಯವಳು, ಎಪ್ಪತ್ತರ ಹತ್ತಿರದವಳು. ಹಿಟ್ಟು ನೋಡಿದಳು, ನನ್ನನ್ನು ನೋಡಿದಳು.

"ಒಂದ್ ಹಿಡಿ ಸಾಕಿತ್ತಲ್ಲೋ ತಮ್ಮಾ. ಊರಿಗೆಲ್ಲ ಮದಿವಿ ಊಟ ಹಾಕಾಕತ್ತೀಯೇನು?" ಅಂದಳು. ಆಮೇಲೆ ಮುತ್ಯಾನ ಕಡೆ ತಿರುಗಿದಳು. "ಯಾಕೋಬಾ, ಇವಂಗ ಕೇಳಿದ್ಯೇನು?"

"ಮರ್ತೆನವ್ವಾ" ಅಂದರು ಮುತ್ಯಾ. ಮುಖ ಸಣ್ಣದಾಗಿತ್ತು.

ಏನು ಕೇಳಬೇಕಿತ್ತು ಅಂತ ಆಮೇಲೆ ತಿಳಿಯಿತು. ಆ ಭಾನುವಾರ ಮನೆಗೊಂದು ಹಿಡಿ ಹಿಟ್ಟು ಬರುತ್ತದೆ. ಕ್ರಿಸ್ಮಸ್ ಬೆಳಗ್ಗೆ ಅದನ್ನೆಲ್ಲ ಒಟ್ಟಿಗೆ ನಾದಿ ರೊಟ್ಟಿ ಬಡಿಯುತ್ತಾರೆ. ಎಲ್ಲರೂ ಮುರಿದು ತಿನ್ನುತ್ತಾರೆ. ಆದರೆ ಯಾರ ಜೊತೆಗಾದರೂ ಮಾತು ಬಿಟ್ಟವನು ಹಿಟ್ಟು ಹಾಕುವ ಹಾಗಿಲ್ಲ. ಮಾತಾಡಿಸಿ ಬಂದ ಮೇಲೆ ಹಾಕಬೇಕು. ಮೂಲೆಯಲ್ಲಿ ಭಾವ, ಭಾವಮೈದುನ ಇಬ್ಬರು ಬೆನ್ನು ತಿರುಗಿಸಿ ಕೂತಿದ್ದರು. ಇಬ್ಬರ ಕೈಯಲ್ಲೂ ಟವೆಲಿನಲ್ಲಿ ಕಟ್ಟಿದ ಹಿಟ್ಟಿನ ಗಂಟು. ಯಾರೂ ಅವರನ್ನು ಬೈಯುತ್ತಿರಲಿಲ್ಲ. ಕಾಯುತ್ತಿದ್ದರು ಅಷ್ಟೆ.

"ನಿನಗ ಯಾರ ಜೋಡಿನರ ಮಾತ ಬಿಟ್ಟಾದೇನು?" ಆಯಿ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅಣ್ಣನ ಜೊತೆ. ಮೂರು ವರ್ಷ ಆಯ್ತು" ಅಂದೆ. "ಹಿಟ್ಟು ತೆಗೆದುಬಿಡಿ, ಹೋಗ್ತೀನಿ."

"ಹ್ಯಾಂಗ ತೆಗೀಲಿ? ನಿಂದ್ಯಾವ್ದು, ನಮದ್ಯಾವ್ದು?"

ಯಾಕೋಬ ಮುತ್ಯಾ ಎದ್ದು ಪರಾತದ ಹತ್ತಿರ ಬಂದರು. "ಹಂಗಾದ್ರ ಇವನ ಜಗಳ ಇನ್ನ ನಮ್ಮೆಲ್ಲಾರ್ದೂ ಆತು. ಕೂಡು. ನಿನ್ನ ಕ್ರಿಸ್ಮಸ್ ಹೇಳು."

ಅದು ಅವರ ಪದ್ಧತಿ. ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಜಪಮಾಲೆ ಹೇಳುತ್ತೇವೆ. ಇವರು ಹಳೆಯ ಕ್ರಿಸ್ಮಸ್ ಹೇಳುತ್ತಾರೆ. ಒಬ್ಬೊಬ್ಬರು ಎದ್ದು ತಮ್ಮ ಒಂದು ಹಬ್ಬವನ್ನು ನೆನೆದು ಹೇಳಬೇಕು. ಕೊನೆಗೆ ದೇವರಿಗೆ ಒಂದೇ ಮಾತು: "ಆವತ್ತೂ ನೀ ಇದ್ದಿ. ಈ ಸಲಾನೂ ಬಾ." ಅದೇ ಪ್ರಾರ್ಥನೆ. ಮುಗಿಯಿತು. ಉದ್ದ ಎಳೆಯುವುದಿಲ್ಲ. ನನಗೆ ಅದು ಹಿಡಿಸಿತು.

ನನಗೆ ದಾರಿ ತೋರಿಸಲು ಆಯಿ ತನ್ನದನ್ನು ಮೊದಲು ಹೇಳಿದಳು. ಹಬ್ಬದ ಹಿಂದಿನ ದಿನ ತೊಗರಿ ಹೊಲದಲ್ಲೇ ಹೆರಿಗೆ ನೋವು ಬಂದದ್ದು, ಗೌಡರ ಬಂಡಿಯವನು ಜೋಳದ ದಂಟು ಕೆಳಗೆ ಎಸೆದು ಇವಳನ್ನು ಮಲಗಿಸಿಕೊಂಡದ್ದು, ದಾರಿಯಲ್ಲೇ ಮಗಳು ಹುಟ್ಟಿದ್ದು. "ಎತ್ತು ತಿರುಗಿ ತಿರುಗಿ ನೋಡ್ತಿದ್ವು" ಅಂದಳು. ಅಷ್ಟು ಹೇಳಿ ಆ ಮಾತು ಅಂದಳು. ನಾನು ಹುಟ್ಟಿದಾಗಿನಿಂದ ಗೋದಲಿ ನೋಡಿದವನು. ಅವತ್ತು ಮೊದಲ ಸಲ ಗೋದಲಿ ಏನೆಂದು ಗೊತ್ತಾಯಿತು.

ನಾನು ಎದ್ದೆ. ಚಿಕ್ಕಂದಿನ ಒಂದು ಹಬ್ಬ ಹೇಳಿದೆ. ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟಕ್ಕೆ ಹೋಗಿ ಗೋದಲಿಗೆ ಪಾಚಿ ಕಿತ್ತು ತಂದದ್ದು. ಅವನು ರಾಗಿ ಹುಲ್ಲಿನ ಮಾಡು ಕಟ್ಟುತ್ತಿದ್ದ, ನಾನು ಜೇಡಿಮಣ್ಣಿನ ಕುರಿ ಮಾಡುತ್ತಿದ್ದೆ. ಹದಿನೈದು ವರ್ಷ ಹಾಗೇ ಮಾಡಿದೆವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆಯಿ, "ಇದಲ್ಲ. ಕಡೀದು ಹೇಳು" ಅಂದಳು.

ಕೊನೆಯದು ಊರಿನವರಾದ ನೀವೆಲ್ಲ ನೋಡಿದ್ದೇ. ಆ ವರ್ಷ ದೇವಾಲಯಕ್ಕೆ ಬಣ್ಣದ ಗಾರೆ ಬೊಂಬೆಗಳು ಬಂದವು. ಅಣ್ಣ ನನ್ನ ಕುರಿಗಳನ್ನು ಎತ್ತಿ ಬುಟ್ಟಿಗೆ ಹಾಕಿದ. ಯಾಕೆ ಅಂತ ಕೇಳಿದೆ. "ಐದ್ನೇ ಕ್ಲಾಸ್ ಪೇಲಾದೋನ ಕೈಕೆಲ್ಸ ಇನ್ಮೇಲೆ ಬ್ಯಾಡ, ಹಿಂದೆ ಹೋಗಿ ನಿಂತ್ಕೊ" ಅಂದ. ಎಲ್ಲರೂ ನಕ್ಕರು. ನಾನು ಹೊಡೆದೆ. ತುಟಿ ಒಡೆದು ಅವನ ಹಬ್ಬದ ಬಿಳಿ ಅಂಗಿಯ ಮೇಲೆ ರಕ್ತ ಬಿತ್ತು. ಅವನು ತಿರುಗಿ ಹೊಡೆಯಲಿಲ್ಲ. ಅದೇ ಅಂಗಿಯಲ್ಲಿ ಪೂಜೆಗೆ ಕೂತ. ನಾನು ಮೂರನೇ ದಿನ ಊರು ಬಿಟ್ಟೆ.

ಇದನ್ನು ಹೇಳಿ ಮುಗಿಸಿದೆ. ಆ ಕೊನೆಯ ಮಾತು ಬಾಯಿಗೆ ಬರಲಿಲ್ಲ. ಆವತ್ತೂ ನೀನಿದ್ದೆ ಅಂತ ಹೇಗೆ ಅನ್ನಲಿ? ದೇವರು ಅಲ್ಲಿ ಇದ್ದಿದ್ದರೆ ನನ್ನ ಕೈ ಯಾಕೆ ಹಿಡಿಯಲಿಲ್ಲ?

ಮಾರ್ಥಾ ಆಯಿ ಕೂತಲ್ಲಿಂದಲೇ ಹೇಳಿದಳು: "ಆವತ್ತೂ ನೀ ಇದ್ದಿ. ಆ ರಗತ ಬಿದ್ದ ಅಂಗಿ ತೊಟ್ಟು ಕುಂತಿದ್ದಿ. ಈ ಸಲಾನೂ ಬಾ."

ನಾನು ಕೂತು ಅತ್ತೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಹಬ್ಬದ ದಿನ ಆ ರೊಟ್ಟಿಯನ್ನು ಎಲ್ಲರೂ ತಿಂದರು. ಭಾವ, ಭಾವಮೈದುನರ ಗಂಟು ಕೂಡ ಹಿಂದಿನ ದಿನವೇ ಬಿಚ್ಚಿತ್ತು. ನನ್ನ ಬಾಕಿ ಜಗಳವನ್ನೂ ಸೇರಿಸಿಕೊಂಡೇ ತಿಂದರು. ವರ್ಷವಿಡೀ ಅವರು ನನ್ನ ಅಣ್ಣನಿಗಾಗಿ ಪ್ರಾರ್ಥಿಸಿದ್ದಾರೆ. ಅವನ ಮುಖ ಅವರು ನೋಡಿಲ್ಲ.

ನಾನು ಅಣ್ಣನಿಗೆ ಮೂರು ಕಾರ್ಡು ಹಾಕಿದೆ. ಉತ್ತರ ಬರಲಿಲ್ಲ. ಆದರೂ ಈ ಸಲ ಡಿಸೆಂಬರು ಬಂದಾಗ ಬಾಗಿಲು ಹಾಕಿಕೊಳ್ಳಲಿಲ್ಲ. ಪ್ರತಿದಿನ ಒಂದು ಹಳೆಯ ಕ್ರಿಸ್ಮಸ್ ನೆನೆಯುತ್ತೇನೆ. ಟ್ಯೂಬು ಉಜ್ಜುತ್ತಾ, ನೀರಿನಲ್ಲಿ ಗುಳ್ಳೆ ಹುಡುಕುತ್ತಾ. ಪಾಚಿ ತಂದದ್ದು, ನಕ್ಷತ್ರಕ್ಕೆ ಬಿದಿರು ಸೀಳಿದ್ದು, ಅವ್ವ ಕಜ್ಜಾಯ ಸುಟ್ಟದ್ದು. ಪ್ರತಿಯೊಂದರ ಕೊನೆಗೂ ಆ ಮಾತು ಹೇಳುತ್ತೇನೆ. ಹೇಳಿ ಹೇಳಿ ಹಬ್ಬ ಬೇಗ ಬರಲಿ ಅನ್ನಿಸತೊಡಗಿದೆ. ಮೂರ್ನಾಲ್ಕು ವರ್ಷದಿಂದ ಹಾಗೆ ಅನ್ನಿಸಿರಲಿಲ್ಲ.

ಅಂಗಡಿಯ ಯಜಮಾನ ಉಸ್ತಾದರಿಗೆ ರಜೆ ಕೇಳಿದೆ. "ನಿನ್ನ ಮಾರಿ ನೋಡೇ ತಿಳೀತದ, ಹೋಗಿ ಬಾ. ಆದ್ರ ಬಾ ಮತ್ತ" ಅಂದರು.

ಈ ಭಾನುವಾರ ಪರಾತ ಇಟ್ಟರು. ನಾನು ಒಂದೇ ಹಿಡಿ ತಂದಿದ್ದೆ, ಕರ್ಚೀಫಿನಲ್ಲಿ ಕಟ್ಟಿ. ಹಾಕಲಿಲ್ಲ. ಮುಗಿದ ಮೇಲೆ ಆಯಿಯ ಹತ್ತಿರ ಹೋದೆ.

"ಇದನ್ನ ಊರಿಗಿ ಒಯ್ಯಿ. ನಿಮ್ಮಣ್ಣನ ಒಲಿ ಮ್ಯಾಲ ಸುಡ್ರಿ" ಅಂದಳು.

"ನಮ್ಮ ಅತ್ತಿಗೆಗೆ ಜೋಳದ ರೊಟ್ಟಿ ಬರಲ್ಲ, ಆಯಿ."

"ನೀ ಬಡಿ. ವರ್ಷ ಪೂರ್ತಿ ನನ್ನ ಒಲಿ ಮುಂದ ಕುಂತು ತಿಂದೀದಿ, ಅಷ್ಟೂ ಕಲೀಲಿಲ್ಲೇನು ದಡ್ಡಾ?"

"ಅವನು ಬಾಗಿಲು ತೆಗೀದಿದ್ರೆ?"

ಆಯಿ ಕರ್ಚೀಫಿನ ಗಂಟನ್ನು ಬಿಗಿದು ನನ್ನ ಕೈಗಿಟ್ಟಳು. "ತೆಗೀದಿದ್ರ ಹೊರಗಿನ ಕಟ್ಟಿ ಮ್ಯಾಲ ಗಂಟ ಇಟ್ಟು ಬಾ. ಇಲ್ಲಿ ನಮ್ಮ ಮನಿಗಿ ಬಾಗ್ಲಾ ಎಲ್ಲದ? ಜ್ವಾಳದ ದಂಟಿನ ತಟ್ಟಿ ಅದ. ದೂಡಿದ್ರ ಸಾಕು."

ನಾಳೆ ಹೊರಡುತ್ತೇನೆ. ಎರಡು ದಿನದ ದಾರಿ. ಈ ಬರಹ ಅಚ್ಚಾಗುವಷ್ಟರಲ್ಲಿ ಹಬ್ಬ ಆಗಿಹೋಗಿರುತ್ತದೆ. ನನ್ನ ಅಣ್ಣ ಏನು ಮಾಡಿದ ಅಂತ ನಿಮಗೆ ಗೊತ್ತಿರುತ್ತದೆ, ಇವತ್ತು ನನಗೆ ಗೊತ್ತಿಲ್ಲ. ಅವನು ಒಳಗೆ ಕರೆದರೆ ಹುಡಗಿಯ ಜನ ರೊಟ್ಟಿ ಮುರಿಯುವ ಹೊತ್ತಿಗೆ ನಾನು ಅಲ್ಲಿಲ್ಲ ಅಂತ ಸಂಕಟಪಡುತ್ತೇನೆ. ಕರೆಯದಿದ್ದರೆ ಇಲ್ಲಿಗೆ ಬಂದು ತಟ್ಟಿ ದೂಡುತ್ತೇನೆ, ಆದರೆ ಕಿವಿ ನಮ್ಮೂರಿನ ಗಂಟೆಯ ಕಡೆಗೇ ಇರುತ್ತದೆ. ಯಾವುದಾದರೂ ಸರಿ. ದೇವರೇ, ನೀನು ಎರಡೂ ಕಡೆ ಬಾ.