ಕೈ ಹಿಂದೆ ಕಟ್ಟಿ ನಿಂತ ಲಾಯರಮ್ಮ

ನನ್ನ ಅಣ್ಣ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ಅವನನ್ನು ಕುಡುಕ ಅಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಕುಲುಮೆಯ ಮುಂದೆ ವರ್ಷಗಟ್ಟಲೆ ನಿಂತ ಮೇಲೆ ಕೈ ನಡುಗತೊಡಗಿತು, ಮಣಿಕಟ್ಟು ಜೋತುಬಿತ್ತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ. ಒಂದು ದಿನ ಗೇಟಿನ ಬಳಿ ತೂರಾಡಿ ಬಿದ್ದ. ‘ಕುಡಿದು ಕೆಲಸಕ್ಕೆ ಬಂದ’ ಎಂದು ಮಾಲೀಕ ಅವನನ್ನು ಹೊರಗೆ ಹಾಕಿದ. ಬೀದಿಯವರಿಗೆ ಅಷ್ಟೇ ಸಾಕಾಯಿತು.

ನಾನು ಹೇಳಹೊರಟಿದ್ದು ಅವನ ಮಗಳ ಕಥೆ. ತಾಯಿಯಿಲ್ಲದ ಅವಳು ಬೆಳೆದದ್ದು ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ, ಚಿಂದಿ ಬಟ್ಟೆಗಳ ನಡುವೆ. ಕಾಲೇಜಿನಲ್ಲಿ ವಿಜ್ಞಾನ, ಕಾನೂನು ಎರಡನ್ನೂ ಒಟ್ಟಿಗೆ ಕಲಿಸುವ ಐದು ವರ್ಷದ ಡಿಗ್ರಿಗೆ ಸೇರಿದಳು. ಬೆಳಿಗ್ಗೆ ಬಿಳಿ ಕೋಟು ಹಾಕಿಕೊಂಡು ಲ್ಯಾಬು, ಮಧ್ಯಾಹ್ನ ದಪ್ಪ ದಪ್ಪ ಕಾನೂನು ಪುಸ್ತಕ.

“ಎರಡು ದೋಣಿ ಮೇಲೆ ಕಾಲಿಟ್ಟಿದೀಯ. ನೀರಿಗೆ ಬಿದ್ರೆ ನನ್ನ ಕರೀಬೇಡ, ನಂಗೆ ಈಜು ಬರಲ್ಲ” ಎಂದು ರೇಗಿಸುತ್ತಿದ್ದೆ.

“ಬೀಳಲ್ಲ ಬಿಡು ಅತ್ತೆ. ಒಂದು ಕಂಡುಹಿಡಿಯೋಕೆ, ಇನ್ನೊಂದು ಗೆಲ್ಲೋಕೆ.”

ಅಂದಿನಿಂದ ಅವಳನ್ನು ಲಾಯರಮ್ಮ ಎಂದೇ ಕರೆದೆ.

ಎರಡನೇ ವರ್ಷ ಲ್ಯಾಬಿನಲ್ಲಿ ಸೀಸದ ಪಾಠ ಬಂತು. ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಅಪ್ಪನ ತುಟಿ ಎತ್ತಿ ಒಸಡು ನೋಡಿದಳು. ಅಲ್ಲಿ ನೀಲಿ ಗೆರೆ ಇತ್ತು. ನರ್ಸಿಂಗ್ ಓದುವ ಗೆಳತಿಯನ್ನು ಕರೆತಂದು ರಕ್ತ ತೆಗೆಸಿದಳು. ಅದನ್ನು ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಒಯ್ದು, ತಾನೇ ಪರೀಕ್ಷೆ ಮಾಡಿದಳು. ಸಂಜೆ ಓಡುತ್ತಲೇ ಬಂದಳು.

“ಅಪ್ಪಾ, ನಿನ್ನ ರಕ್ತದ ತುಂಬ ಸೀಸ! ಕುಲುಮೆಯದೇ ಕೆಲಸ ಇದು!”

ಅಣ್ಣ ನಗುನಗುತ್ತಲೇ ಅತ್ತುಬಿಟ್ಟ. “ಕೋರ್ಟಲ್ಲಿ ಹೇಳಿಸು ಮಗಳೇ. ನಾನು ಕುಡುಕ ಅಲ್ಲ ಅಂತ ಅಲ್ಲಿ ಹೇಳಿಸು, ಸಾಕು.”

“ಹೇಳಿಸ್ತೀನಿ” ಎಂದಳು.

ದೊಡ್ಡಾಸ್ಪತ್ರೆಗೆ ಸೇರಿಸೋಣ ಅನ್ನುವಷ್ಟರಲ್ಲಿ, ಅದೇ ವಾರ, ಅಣ್ಣ ಫಿಟ್ಸ್ ಬಂದು ಮನೆಯಲ್ಲೇ ಹೋಗಿಬಿಟ್ಟ. ಹೆಣ ಕೊಯ್ಯಿಸಿ ನೋಡಬೇಕು ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಪುರಾವೆ ಕೈಯಲ್ಲೇ ಇದೆಯಲ್ಲ ಅಂದುಕೊಂಡಿದ್ದೆವು. ಸುಟ್ಟು ಬಂದು ದಾವೆ ಹೂಡಿದೆವು.

ವಿಚಾರಣೆಗೆ ಬರುವಾಗ ಅವಳು ನಾಲ್ಕನೇ ವರ್ಷದಲ್ಲಿದ್ದಳು. ಕಾರ್ಖಾನೆಯ ವಕೀಲ ಕೂಗಾಡಲಿಲ್ಲ, ಬಲು ಮೆತ್ತಗೆ ಕೇಳಿದ.

“ರಕ್ತದ ಬಾಟಲಿಗೆ ಮೊಹರು ಹಾಕಿದ್ದು ಯಾರಮ್ಮ?”

“ಯಾರೂ ಹಾಕಿಲ್ಲ.”

“ಲ್ಯಾಬಿಗೆ ಒಯ್ದಿದ್ದು?”

“ನಾನು.”

“ಪರೀಕ್ಷೆ ಮಾಡಿದ್ದು?”

“ನಾನೇ.”

“ಸತ್ತವರು ನಿಮಗೆ ಏನಾಗಬೇಕು?”

“ಅಪ್ಪ.”

“ಅಷ್ಟೇ ಸಾಕು” ಎಂದು ಕೂತ.

ದಾವೆ ಬಿದ್ದುಹೋಯಿತು. ಮೇಲಿನ ಕೋರ್ಟಿಗೆ ಹೋಗಬೇಕಾದರೆ ಹೊಸ ಪುರಾವೆ ಬೇಕು ಎಂದರು ನಮ್ಮ ವಕೀಲರು. ಬೂದಿಯಾದವನಿಂದ ಎಂಥ ಪುರಾವೆ ತರೋದು? ಕೋರ್ಟಿನ ಮೆಟ್ಟಿಲ ಮೇಲೆ ಲಾಯರಮ್ಮ ಗೋಡೆ ಹಿಡಿದು ನಿಂತಳು. “ಸಾಕ್ಷ್ಯದ ಪಾಠ ಬಂದಿದ್ದು ಮೂರನೇ ವರ್ಷದಲ್ಲಿ ಅತ್ತೆ. ಒಂದೇ ವರ್ಷ ಮೊದಲು ಕಲಿಸಿದ್ದಿದ್ರೆ...” ಎಂದಳು. ಸುಡುಗಾಡು ಕಾಲೇಜು, ಪಾಠವನ್ನೂ ಕಂತಿನ ಮೇಲೆ ಕೊಡುತ್ತಾರೆ!

ಆಮೇಲೆ ಅವಳು ಲ್ಯಾಬಿಗೂ ಹೋಗಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ನನ್ನ ಎದುರು ಮುರುಕು ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುವಳು. ಸ್ಕೂಲ್ ಯೂನಿಫಾರಂ ಹೊಲಿಯುವ ಕಾಲ, ನನಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಒಂದು ಮಧ್ಯಾಹ್ನ ನೂಲಿನ ತುದಿ ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಹಾಕಲು ಹೋದೆ, ಆಗಲಿಲ್ಲ. ಮತ್ತೆ ಬಾಯಿಗಿಟ್ಟೆ, ಮತ್ತೂ ಆಗಲಿಲ್ಲ.

“ಅತ್ತೆ, ಕೈ ಯಾಕೆ ನಡುಗ್ತಿದೆ?”

“ವಯಸ್ಸಾಯ್ತು ಕಣೇ. ಅಲ್ಲಾಡಿಸದೇ ಇರು ಅಂದ್ರೆ ಅದು ಕೇಳುತ್ತಾ?”

“ಹೊಟ್ಟೆ ನೋವು?”

“ಇದೆ. ಯಾರಿಗಿಲ್ಲ?”

ಅವಳ ಕಣ್ಣು ನನ್ನ ಸ್ಟೂಲಿಗೆ ಹೋಯಿತು. ಅಣ್ಣನ ಕೆಲಸದ ಕೋಟುಗಳನ್ನು ವರ್ಷಗಟ್ಟಲೆ ಒಗೆದವಳು ನಾನೇ. ಅವನು ಹೋದ ಮೇಲೆ ಒಗೆಯದೆ ಉಳಿದಿದ್ದ ಎರಡನ್ನು ಎಸೆಯಲು ಮನಸ್ಸು ಬರಲಿಲ್ಲ. ಮಡಿಸಿ ಸ್ಟೂಲಿನ ಮೇಲೆ ಹಾಸಿಕೊಂಡಿದ್ದೆ. ದಿನಾ ಬೆಳಿಗ್ಗೆ ಕೈಯಿಂದ ತಟ್ಟಿ, ಸರಿಮಾಡಿ, ಅದರ ಮೇಲೆ ಕೂತು, ಅದೇ ಕೈಯಿಂದ ನೂಲನ್ನು ಬಾಯಿಗಿಡುತ್ತಿದ್ದೆ. ಜೇಬಿನ ಮೇಲೆ ಕಾರ್ಖಾನೆಯ ಗುರುತು ಇನ್ನೂ ಹಾಗೇ ಇತ್ತು.

ನಾನು ತಟ್ಟನೆ ಎದ್ದೆ. ಅವಳು ಕೋಟಿನತ್ತ ಕೈ ಚಾಚಿದವಳು, ಏನೋ ಸುಟ್ಟಂತೆ ಹಿಂದಕ್ಕೆಳೆದುಕೊಂಡು ಬಾಗಿಲ ಬಳಿ ಸರಿದಳು.

ಈ ಸಲ ನಮ್ಮ ವಕೀಲರು ಕರೆಸಿದ ಸರ್ಕಾರಿ ಡಾಕ್ಟರು ಬಂದರು. ಪಕ್ಕದ ಚಪ್ಪಲಿ ಅಂಗಡಿಯವನೂ ಎದುರುಮನೆಯ ಟೀಚರಮ್ಮನೂ ಸಾಕ್ಷಿ. ಕೋಟುಗಳನ್ನು ಚೀಲಕ್ಕೆ ಹಾಕಿ ಎಲ್ಲರೆದುರು ಅರಗಿನ ಮೊಹರು ಒತ್ತಿದರು. ಆಮೇಲೆ ನನ್ನ ಸರದಿ.

“ಬಾರೇ, ಕೈ ಹಿಡ್ಕೋ. ಸೂಜಿ ಅಂದ್ರೆ ನಂಗೆ ಭಯ” ಎಂದೆ. ದಿನವಿಡೀ ಸೂಜಿ ಹಿಡಿಯುವವಳು ಹೀಗಂದದ್ದಕ್ಕೆ ಡಾಕ್ಟರು ನಕ್ಕರು. ಅವಳು ನಗಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ಹೊಸ್ತಿಲಾಚೆ ನಿಂತಿದ್ದಳು.

“ನಾನು ಮುಟ್ಟಬಾರದು ಅತ್ತೆ. ಮುಟ್ಟಿದ್ರೆ ಕೆಟ್ಟುಹೋಗುತ್ತೆ.” ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲೂ ಕೈ ಮುಂದೆ ತರಲಿಲ್ಲ.

ಫಲಿತಾಂಶ ಬಂದ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕೋಟಿನ ತುಂಬ ಸೀಸ. ನನ್ನ ರಕ್ತದಲ್ಲೂ ಸೀಸ, ಇರಬಾರದಷ್ಟು. ಮದ್ದು ಕೊಡಬಹುದು, ಆದರೆ ಎಲುಬಿಗೆ ಇಳಿದದ್ದು ಪೂರ್ತಿ ಹೋಗುವುದಿಲ್ಲವಂತೆ. ಲಾಯರಮ್ಮ ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಭಯವಾಯಿತು, ಇಲ್ಲ ಅನ್ನಲಾರೆ. ಆದರೆ ಭಯಕ್ಕಿಂತ ಮೊದಲು ಸಂತೋಷವಾಯಿತು. ದೇವರಾಣೆಗೂ ಸಂತೋಷವಾಯಿತು.

ಅವಳ ಬೆನ್ನು ಸವರಿದೆ. ನನ್ನ ಕೈ ನಡುಗುತ್ತಲೇ ಇತ್ತು.

“ಏಳೇ ಲಾಯರಮ್ಮ. ನಾನು ಆ ಗೇಟು ದಾಟಿದವಳಲ್ಲ, ಕುಡಿದವಳೂ ಅಲ್ಲ. ಈಗ ಹೋಗಿ ಕೇಳು ಅವರನ್ನ, ನಮ್ಮತ್ತೆನೂ ಕುಡುಕೀನಾ ಅಂತ.”