ಮಂಜುಳಾಳ ಮೇಜಿಗಾಗಿ ಕೃಷ್ಣಗಿರಿಗೆ

ಸೋಮವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಮತ್ತಿಗಿರಿಯ ಮನೆ ಬಿಟ್ಟೆವು. ಜೊತೆಗಿದ್ದವಳು ನನ್ನ ತಂಗಿಯ ಮಗಳು ಮಂಜುಳಾ, ಇಪ್ಪತ್ತೊಂಬತ್ತರವಳು. ಮೂಕಂಡಪಲ್ಲಿಯ ಕಾರ್ಖಾನೆಗಳಿಂದ ರಬ್ಬರ್ ವಾಷರುಗಳನ್ನು ತಂದು, ಅಂಚಿನಲ್ಲಿ ಉಳಿದ ರಬ್ಬರನ್ನು ಬ್ಲೇಡಿನಿಂದ ಕತ್ತರಿಸಿ ಕೊಡುವುದು ಅವಳ ಸ್ವಂತ ಕಸುಬು. ಒಂದು ವಾಷರೂ ತಿರುಗಿ ಬಂದದ್ದಿಲ್ಲ. ಆದರೆ ಪಕ್ಕದಲ್ಲಿ ಹಿಟ್ಟಿನ ಗಿರಣಿ ಶುರುವಾದಂದಿನಿಂದ ಆ ಸದ್ದಿಗೆ ಅವಳ ಕೈ ನಿಂತುಹೋಗುತ್ತಿತ್ತು. ಹೀಗೇ ತಡವಾದರೆ ಕೆಲಸ ಬೇರೆಯವರಿಗೆ ಕೊಡುವುದಾಗಿ ಕಾರ್ಖಾನೆಯವರು ಹೇಳಿದ್ದರು.

ಬೆಂಗಳೂರಿನ ವೈದ್ಯರು ಅವಳಿಗೆ ಆಟಿಸಂ ಎಂದು ಬರೆದುಕೊಟ್ಟಿದ್ದರು. ಸ್ವಂತ ಕಸುಬಿನ ಅಂಗವಿಕಲರಿಗೆ ಸರ್ಕಾರದ ನೆರವಿತ್ತು. ಅದರಲ್ಲಿ ಲೆನ್ಸ್ ದೀಪವಿರುವ ಮೇಜು, ಸದ್ದು ತಡೆಯುವ ಕಿವಿಮುಚ್ಚಳ ಕೇಳಿ ಅರ್ಜಿ ಹಾಕಿದ್ದೆವು. ಅದರ ವಿಚಾರಣೆಗೇ ಈ ಪ್ರಯಾಣ.

ಹೊಸೂರಿನಿಂದ ಕೃಷ್ಣಗಿರಿಗೆ ಐವತ್ತು ಕಿಲೋಮೀಟರು, ಆಗ ಟಿಕೆಟು ಹದಿನೇಳು ರೂಪಾಯಿ. ರಸ್ತೆ ಅಗಲ ಮಾಡುತ್ತಿದ್ದುದರಿಂದ ಶೂಲಗಿರಿಯವರೆಗೂ ಕೆಂಪು ಧೂಳು. ನಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವಳು. ತಯಾರಿ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಹೆಸರು, ತಂದೆಯ ಹೆಸರು, ಊರು, ಕೆಲಸ, ಅಧಿಕಾರಿ ಕೇಳಬಹುದಾದ ಈ ನಾಲ್ಕಕ್ಕೂ ಉತ್ತರವನ್ನು ವಾರದಿಂದ ಅವಳಿಗೆ ಹೇಳಿಕೊಟ್ಟಿದ್ದೆ. ಬಸ್ಸಿನಲ್ಲೂ ಅವಳಿಂದ ಒಪ್ಪಿಸಿಕೊಂಡೆ.

ಪಕ್ಕದ ಸೀಟಿನ ಹೆಂಗಸು ನಕ್ಕಳು. "ಏನಕ್ಕಾ, ಗಂಡಿನ್ ಕಡೆಯೋರು ಬತ್ತಾವ್ರಾ? ಹಿಂಗ್ ಬಾಯಿಪಾಠ ಮಾಡಿಸ್ತಿದೀಯ!"

ಬಸ್ ನಿಲ್ದಾಣದ ಬಳಿ ಇಡ್ಲಿ ತಿಂದು ಹತ್ತಕ್ಕೆ ಅಂಗವಿಕಲರ ಜಿಲ್ಲಾ ಕಚೇರಿ ಸೇರಿದೆವು. ಕಚೇರಿಯ ಭಾಷೆ ತಮಿಳಾದರೂ ಅಧಿಕಾರಿ ಡೆಂಕಣಿಕೋಟೆ ಕಡೆಯವರು, ಕನ್ನಡ ಬಲ್ಲವರು. ನಾಲ್ಕೂ ಪ್ರಶ್ನೆ ಅದೇ ಕ್ರಮದಲ್ಲಿ ಕೇಳಿದರು. ಮಂಜುಳಾ ಒಂದೂ ತಪ್ಪಲಿಲ್ಲ. ಅವರು ಪೆನ್ನು ಕೆಳಗಿಟ್ಟರು.

"ಎಷ್ಟ್ ಚೆನ್ನಾಗ್ ಮಾತಾಡ್ತಾಳಲ್ಲಮ್ಮಾ! ಇವಳ್ಗೇನಾಗೈತೆ? ಕೈಕಾಲು ಗಟ್ಟಿ ಐತೆ. ಹೊರಗೆ ಕಾಯ್ತಿರೋರ್ನ ನೋಡಿ." ವೈದ್ಯರ ಪತ್ರವನ್ನು ಓದದೆಯೇ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು.

ಬಾಯಿಪಾಠ ಮಾಡಿಸಿ ಕೆಡಿಸಿದ್ದು ನಾನೇ. "ಸಾರ್, ಇದೆಲ್ಲ ನಾನ್ ಕಲಿಸಿದ್ದು. ಬೇರೆ ಏನಾದ್ರೂ ಕೇಳಿ" ಎಂದೆ. ಮಂಜುಳಾ ನನ್ನ ಕಡೆ ತಿರುಗಿದಳು.

"ಬರ್ತಾ ದಾರೀಲಿ ಏನ್ ನೋಡ್ದೆ ತಾಯಿ?" ಅಧಿಕಾರಿ ಅವಳನ್ನು ಕೇಳಿದರು.

"ತಂದೆ ಹೆಸ್ರು ಮುನಿರಾಜು."

ಅವರು ಮೆತ್ತಗೆ ಇನ್ನೊಮ್ಮೆ ಕೇಳಿದರು. ಅದೇ ಉತ್ತರ. ಮೂರನೆಯ ಸಲ ಅವಳು ಕಿವಿ ಮುಚ್ಚಿಕೊಂಡು ಮೇಜಿನ ಮೇಲೆ ಬಗ್ಗಿದಳು. ಬಾಗಿಲ ಹೊರಗಿನ ಸಾಲಿನಲ್ಲಿ ಯಾರೋ ನಕ್ಕರು. ಅಧಿಕಾರಿ ಅವರನ್ನು ಗದರಿಸಿ, ಪತ್ರವನ್ನು ಪೂರ್ತಿ ಓದಿ ಸಹಿ ಮಾಡಿದರು. "ಬರೋ ಸೋಮವಾರ ಆರ್ಡರ್ ತಗೊಳ್ಳಿ. ಅವಳ ಸೈನ್ ಬೇಕು."

ವಾಪಸು ಬಸ್ಸಿನಲ್ಲಿ ಮಂಜುಳಾ ನನ್ನ ಪಕ್ಕ ಕೂರಲಿಲ್ಲ, ಮುಂದಿನ ಸೀಟಿನಲ್ಲಿ ಕೂತಳು. ಅರ್ಧ ದಾರಿ ಕಳೆದ ಮೇಲೆ, ತಿರುಗದೆಯೇ ಹೇಳಿದಳು:

"ದೊಡ್ಡಮ್ಮ, ಸೋಮವಾರ ನೀನ್ ಬರ್ಬೇಡ."

"ಒಬ್ಳೇ ಹೆಂಗ್ ಹೋಗ್ತೀಯಾ? ಆವಪ್ಪ ಏನಾದ್ರೂ ಕೇಳಿದ್ರೆ?"

"ಗೊತ್ತಿಲ್ಲ ಅಂತೀನಿ. ನೀನ್ ಅದ್ನ ಹೇಳ್ಕೊಡ್ಲೇ ಇಲ್ಲ."

ಆಗಲಿ ಎಂದೆ. ಹೊಸೂರು ತಲುಪಿದಾಗ ಮೂರು ಗಂಟೆ. ಅವಳು ಮೊದಲು ಇಳಿದು ಮತ್ತಿಗಿರಿ ಬಸ್ಸಿನ ಕಡೆ ನಡೆದಳು. ನಾನು ಹಿಂದೆ ನಡೆದೆ.