ಮಾಜಿ ಅಧ್ಯಕ್ಷರ ಮನೆಗೆ ಬಂದ ಅತಿ ದೊಡ್ಡ ಆಫರ್

2021ರಲ್ಲಿ ನಾನು ಅಮೆರಿಕದ ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಆಗಿದ್ದೆ. ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ನಿಂತುಕೊಂಡೇ ಲೈಸೆನ್ಸ್ ಪರೀಕ್ಷೆಗೆ ಓದಿದವನು. ಚೌಕಾಸಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆ ವರ್ಷ ಮನೆಗಳ ಬರ. ಶುಕ್ರವಾರ ಒಂದು ಮನೆ ಮಾರಾಟಕ್ಕೆ ಬಂದರೆ ಸೋಮವಾರದೊಳಗೆ ಕೊಳ್ಳುವವರಿಂದ ರಾಶಿ ಆಫರ್ ಬೀಳುತ್ತಿದ್ದವು.

ಆಗ ಸಿಕ್ಕ ಗಿರಾಕಿ ಆಫ್ರಿಕಾದ ಒಂದು ದೇಶದ ಮಾಜಿ ಅಧ್ಯಕ್ಷರು. ದೇಶದ ಹೆಸರು ಬೇಡ. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿನ ಮೊದಲ ಅಧ್ಯಕ್ಷರನ್ನು ಸೈನ್ಯ ಕೊಂದಿತು, ಎರಡನೆಯವರು ಜೈಲಿನಲ್ಲಿ ತೀರಿಕೊಂಡರು, ಮೂರನೆಯವರಾದ ಇವರು ವಿಮಾನ ಹತ್ತಿ ಪಾರಾದರು. ಈಗ ಒಂಟಿ ಮುದುಕರು. ಮನೆ ಮಾರಿ ಶಾರ್ಲೆಟ್ ನಗರದಲ್ಲಿದ್ದ ಮಗಳ ಬಳಿ ಹೋಗುವವರಿದ್ದರು.

ಮನೆ ತೋರಿಸುವ ಮುನ್ನ ಗೋಡೆಯ ಫೋಟೋ ಇಳಿಸುವುದು ನಮ್ಮ ಕಸುಬಿನ ರೂಢಿ. ಬಂದವರಿಗೆ ಅದು ತಮ್ಮದೇ ಮನೆ ಅನ್ನಿಸಬೇಕಲ್ಲ. ಅವರು ಹೆಂಡತಿ ಮಕ್ಕಳ ಫೋಟೋ ತೆಗೆದರು. ಹಜಾರದಲ್ಲಿದ್ದ, ತಾವೂ ಸೇರಿ ಮೂವರು ಅಧ್ಯಕ್ಷರದ್ದನ್ನು ಮುಟ್ಟಗೊಡಲಿಲ್ಲ.

"ನಮ್ಮನ್ನ ಇಳಿಸೋ ಕೆಲಸ ನಮ್ಮ ಜನ ಆಗಲೇ ಮಾಡಿದ್ದಾರಪ್ಪ. ನಿನಗ್ಯಾಕೆ ಆ ತೊಂದರೆ?" ಎಂದು ನಕ್ಕರು.

ಕೊಳ್ಳುವವರು ಬಂದು ಮನೆ ನೋಡುವ ಓಪನ್ ಹೌಸ್ ದಿನ ಬಂದವರೆಲ್ಲ, ಫೋಟೋದಲ್ಲಿರುವ ಇವರು ಯಾರು ಎಂದು ಕೇಳಿದರು. ಒಬ್ಬ ಹೆಂಗಸು ಮಾತ್ರ ಕೇಳಲಿಲ್ಲ. ಐವತ್ತರ ಆಸುಪಾಸಿನ ನರ್ಸ್. ಮೂರನೇ ಫೋಟೋದ ಎದುರು ನಿಂತೇ ಇದ್ದಳು. ಏನೂ ಕೇಳದ ಗಿರಾಕಿಯನ್ನು ಎಂದೂ ಕಡೆಗಣಿಸಬೇಡಿ.

ಅವಳ ಆಫರ್ ಎಲ್ಲಕ್ಕಿಂತ ಹೆಚ್ಚಿನದು. ಒಡಹುಟ್ಟಿದವರೆಲ್ಲ ಸೇರಿ ಹಣ ಹಾಕಿದ್ದರು. ಕೊಳ್ಳುವವರು ಬಿಡದೆ ಮಾಡಿಸುವ ಮನೆಯ ತಪಾಸಣೆಯೂ ಬೇಡವೆಂದಳು.

"ಒಂದೇ ಷರತ್ತು. ನಮ್ಮಪ್ಪ ಸ್ಕೂಲ್ ಮೇಷ್ಟ್ರು. ಇವರು ನಮ್ಮ ದೇಶ ಆಳೋ ಕಾಲದಲ್ಲಿ ಜೀಪಿನಲ್ಲಿ ಕರ್ಕೊಂಡು ಹೋದ್ರು. ಎಲ್ಲಿ ಹೂತಿದ್ದಾರೆ ಅಂತ ಇವರು ಹೇಳಲಿ. ನಮ್ಮಮ್ಮ ಇನ್ನೂ ಇದ್ದಾಳೆ."

ಬಂದ ಪ್ರತಿಯೊಂದು ಆಫರನ್ನೂ ಮಾಲೀಕರ ಮುಂದಿಡುವುದು ಏಜೆಂಟನ ಕರ್ತವ್ಯ. ಇಟ್ಟೆ. ಬೆಲೆ ಹೆಚ್ಚಿದಷ್ಟೂ ಕಮಿಷನ್ ಹೆಚ್ಚು, ನನಗೂ ಆ ಬೆಲೆ ಬೇಕಾಗಿತ್ತು.

"ಒಂದು ಮಾತು ಸರ್, ಅಷ್ಟೇ. ಗೊತ್ತಿಲ್ಲ ಅಂದ್ರೂ ಅದು ಉತ್ತರಾನೇ," ಎಂದೆ.

ಅವರು ಟೀ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಎರಡನೇ ಆಫರ್ ಯಾರದು?" ಎಂದರು.

ಅವಳಿಗೆ ಫೋನ್ ಮಾಡಿ ತಿಳಿಸಿದೆ. ಅಳಲಿಲ್ಲ.

"ಗೊತ್ತಿಲ್ಲ ಅನ್ನಲಿಲ್ಲ, ಅಲ್ವಾ?"

"ಇಲ್ಲ, ಅನ್ನಲಿಲ್ಲ."

"ಹಾಗಾದ್ರೆ ಎಲ್ಲೋ ಒಂದು ಜಾಗ ಇದೆ," ಎಂದು ಫೋನ್ ಇಟ್ಟಳು.

ಎರಡನೇ ಆಫರ್ ಧಾರವಾಡದ ಬಸವರಾಜ್ ಅವರದು, ಲ್ಯಾಬ್ ಒಂದರಲ್ಲಿ ಎಂಜಿನಿಯರ್. ಸಹಿಗಳೆಲ್ಲ ಮುಗಿದು ಕೀಲಿಕೈ ಕೈಗೆ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಖರೇ ಹೇಳ್ರಿ ಸಾಹೇಬ್ರ, ಈ ಮನ್ಯಾಗ ಯಾರರ ಸತ್ತಾರೇನ್ರಿ? ನಮ್ಮಾಕಿ ಕೇಳಾಕತ್ತಾಳ."

"ಈ ಮನೆಯಲ್ಲಿ ಯಾರೂ ಸತ್ತಿಲ್ಲ," ಎಂದೆ.

ಸುಳ್ಳೇನಲ್ಲ. ಆದರೂ ಗೃಹಪ್ರವೇಶಕ್ಕೆ ಕರೆದಾಗ ನಾನು ಹೋಗಲಿಲ್ಲ. ಹೊಸ ಏಜೆಂಟರಿಗೆ ಈಗ ಹೇಳುತ್ತಿರುತ್ತೇನೆ: ಯಾರಾದರೂ ಒಳ್ಳೆಯ ಬೆಲೆಯನ್ನು ಕೈಬಿಟ್ಟರೆ, ಅವರು ಅಷ್ಟು ಹಣ ತೆತ್ತು ಏನನ್ನು ಕೊಂಡರು ಎಂದು ನೋಡಿ.